ಬಾಗಿಲಿಗೆ ಇಳಿಬಿಟ್ಟ ಕೌದಿ

ಮದುವೆ ಸೀಜನ್ ಮುಗಿದರೆ ಸಿಂಧನೂರಿನ ನನ್ನಂಥ ಫೋಟೋಗ್ರಾಫರ್‌ಗೆ ಉಪವಾಸ. ಹಾಗಾಗಿ ಮಸ್ಕಿಯ ಅತ್ತೆ-ಸೊಸೆ ತಾವು ಮಾರುವ ಚಟ್ನಿ ಬಾಟಲಿಗಳ ಫೋಟೋ ಬೇಕೆಂದಾಗ ಖುಷಿಯಿಂದಲೇ ಬಸ್ ಹತ್ತಿದೆ. ಬಾಟಲಿಯೇನು ಕಣ್ಣು ಮಿಟುಕಿಸುವುದಿಲ್ಲ, ರುಮಾಲು ವಾರೆಯಾಯಿತೆಂದು ಮುನಿಸಿಕೊಳ್ಳುವುದಿಲ್ಲ.

ಆದರೆ ಗಾಜು ಮದುಮಗನಿಗಿಂತ ಹಟಮಾರಿ. ಎಲ್ಲಿಟ್ಟರೂ ಅದರೊಳಗೆ ನನ್ನ ಮುಖವೇ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಮಣೆಯ ಮೇಲೆ ನಿಲ್ಲಿಸಿ, ಲಗ್ನಪತ್ರಿಕೆಯ ರಟ್ಟಿಗೆ ಊಟ ಕಟ್ಟುವ ಬೆಳ್ಳಿ ಹಾಳೆ ಅಂಟಿಸಿ ಒಂದು ಪಕ್ಕದಿಂದ ಬೆಳಕು ಕೊಟ್ಟೆ. ಹಿತ್ತಿಲ ಬಾಗಿಲಿನ ಇಳಿಬಿಸಿಲು ಮಾತ್ರ ನೇರ ಕ್ಯಾಮೆರಾಕ್ಕೇ ಹೊಡೆಯುತ್ತಿತ್ತು.

“ಬಾಗಲಕ್ಕ ಏನಾರ ಇಳಿಬಿಡು ತಂಗೀ” ಎಂದೆ ಸೊಸೆಗೆ. ಅತ್ತೆ ಗಿರಣಿಗೆ ಹೋಗಿದ್ದರು. ಸೊಸೆ ಅತ್ತೆ ಹೊದೆಯುವ ಕೌದಿಯನ್ನೇ ತಂದು ಚೌಕಟ್ಟಿನ ಮೊಳೆಗಳಿಗೆ ಸಿಕ್ಕಿಸಿದಳು. ಒಗೆದು ಒಗೆದು ತೆಳ್ಳಗಾದ ಕೌದಿ. ಬಿಸಿಲು ಹಾಯ್ದದ್ದೇ ತಡ, ಕೆಂಪು, ಹಸಿರು, ಹಳದಿ ತುಂಡುಗಳೆಲ್ಲ ಹೊತ್ತಿಕೊಂಡಂತಾದವು. ಇಂಥ ಹಿನ್ನೆಲೆ ಯಾವ ಸ್ಟುಡಿಯೋದಲ್ಲಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಫೋಟೋ ಹೊಡೆದು ನೋಡಿದರೆ ನಟ್ಟನಡುವೆ ಒಂದು ಕಪ್ಪು ಕಲೆ. ಸಿಟ್ಟು ಬಂತು. ಹಿಗ್ಗಿಸಿ ನೋಡಿದೆ. ಕಲೆಗೆ ಎರಡು ತೋಳಿದ್ದವು. ಕಾಲರ್ ಇತ್ತು, ಕಿಸೆಯೂ ಇತ್ತು.

ಕೌದಿಯೊಳಗೆ ಹಳೆ ಬಟ್ಟೆ ಹಾಕುವುದು ಹೊಸದಲ್ಲ. ಆದರೆ ಕಾಲರ್, ಗುಂಡಿ, ಕಿಸೆ ಎಲ್ಲ ಕತ್ತರಿಸಿಯೇ ಹಾಕುತ್ತಾರೆ, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ಇಡೀ ಅಂಗಿಯನ್ನು ಯಾರೂ ಒಳಗಿಡುವುದಿಲ್ಲ. ಅದೂ ಗೇಣುದ್ದದ ಅಂಗಿ.

“ಒಳಗ ಏನೋ ಐತಲ್ಲ ತಂಗೀ” ಎಂದು ಕ್ಯಾಮೆರಾ ತೋರಿಸಿದೆ. ಆಕೆ ಫೋಟೋವನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದಳು. ಹತ್ತಿರ ಹೋಗಿ ಆ ನೆರಳಿನ ಮೇಲೆ ಬೆರಳಿಟ್ಟಳು.

“ಕಿಸೆ ವಾರಿ ಆಗೈತಿ ನೋಡ್ರಿ ಅಣ್ಣಾ. ನಾನ ಹೊಲಿದದ್ದು. ನನ್ನ ಮಗಂದು.”

ಎರಡು ವರ್ಷದ ಕೂಸು, ಜ್ವರದಲ್ಲಿ ಹೋಯಿತಂತೆ. ಅದರ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಅತ್ತೆ ಕಾಲುವೆಗೆ ಬಿಡಲು ಒಯ್ದಿದ್ದರು. ಈ ಅಂಗಿಯೊಂದನ್ನು ಕೊಡಿ ಎಂದು ಕಾಲು ಹಿಡಿದರೂ ಕೊಟ್ಟಿರಲಿಲ್ಲ. ಹೇಳುವಾಗ ಆಕೆಯ ಕಣ್ಣಲ್ಲಿ ಹನಿ ನೀರಿರಲಿಲ್ಲ. ನನಗೆ ಅದೇ ಹೆದರಿಕೆ ಹುಟ್ಟಿಸಿತು.

ಅಷ್ಟರಲ್ಲಿ ಮುಂಬಾಗಿಲಿನಿಂದ ಅತ್ತೆ ಹಿಟ್ಟಿನ ಡಬ್ಬಿ ಹೊತ್ತು ಬಂದರು. ಬಿಸಿಲಿಗೆ ಹೊಳೆಯುತ್ತಿದ್ದ ಕೌದಿ ನೋಡಿ ಹೊಸ್ತಿಲಲ್ಲೇ ನಿಂತರು.

“ಕೆನಾಲಿಗೆ ಬಿಟ್ಟೀನಿ ಅಂದಿದ್ರಿ” ಎಂದಳು ಸೊಸೆ.

“ಬಿಡಾಕ ಹೋಗಿದ್ನೆವ್ವಾ. ಇದೊಂದು ಬಿಡಾಕ ಕೈ ಬರಲಿಲ್ಲ. ನಿನ್ನ ಕಣ್ಣಿಗೆ ಬಿದ್ರ ನೀ ಕೂಳು ಬಿಡ್ತಿ ಅಂತ ಒಳಗಿಟ್ಟು ಹೊಲಿದೆ. ಕತ್ತರಿ ಹಾಕಾಕೂ ಮನಸಾಗಲಿಲ್ಲ.”

ಇನ್ನು ಸೊಸೆ ಕೌದಿ ಹರಿದೇ ಹಾಕುತ್ತಾಳೆ ಎಂದುಕೊಂಡೆ. ಆಕೆ ಅದನ್ನು ಮೊಳೆಯಿಂದ ಮೆಲ್ಲಗೆ ಬಿಡಿಸಿ ನೆಲಕ್ಕೆ ಹಾಸಿದಳು. ಹಿಂದಿನ ಬೆಳಕು ಹೋದದ್ದೇ ಅಂಗಿಯೂ ಮಾಯ. ಬರೀ ಬಣ್ಣದ ತುಂಡುಗಳು. ಅಂಗೈಯಿಂದ ಸವರಿ ಸವರಿ ಹುಡುಕಿದಳು, ಒತ್ತು ಹೊಲಿಗೆಯ ನಡುವೆ ಕೈಗೆ ಸಿಗಲಿಲ್ಲ.

“ಎಲ್ಲೈತ್ರಿ ಅತ್ತಿ?”

ಅತ್ತೆ ಡಬ್ಬಿ ಇಳಿಸಿ ಕುಳಿತು, ಸೊಸೆಯ ಮುಖ ನೋಡುತ್ತಲೇ, ಹಿಟ್ಟಿನ ಕೈಯಿಂದ ಆ ಜಾಗ ಮುಟ್ಟಿದರು.

“ಇಲ್ಲೈತಿ. ದಿನಾ ಎದಿಮ್ಯಾಲ ಬರಂಗ ಹೊದ್ಕೊಂತೀನಿ.”

ಸೊಸೆ ಆ ಬಿಳಿ ಗುರುತಿನ ಮೇಲೆ ಕೈಯಿಟ್ಟಳು.

“ಇವತ್ತ ನನಗ ಕೊಡ್ರಿ.”