ಬಲಗಡೆ ಬಿದ್ದ ಹೂವು

ಹೂವು ಬಲಗಡೆಯೇ ಬಿದ್ದಿತ್ತು ಗಿರಿಜಕ್ಕ. ಎಡಗಡೆಯದು ಬಿತ್ತು ಎಂದು ನಿಮಗೆ ಸುಳ್ಳು ಹೇಳಿದೆ.

ಸಾಗರದ ಪೇಟೆಯಲ್ಲಿ ಈಗ ಕಾಂಪ್ಲೆಕ್ಸ್ ಇರುವಲ್ಲಿ ಆಗ ಹೆಂಚಿನ ಅಂಗಡಿಸಾಲು. ಗೋಡೆಯ ಆಚೆ ನಿಮ್ಮ ಬಳೆ, ಈಚೆ ನನ್ನ ಬಟ್ಟೆ. ಸಾಲು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುವಾಗ ಧಣಿಗಳು ಇಬ್ಬರನ್ನೂ ಕರೆದು, ರಸ್ತೆ ಕಡೆಯ ಮಳಿಗೆ ಒಂದೇ ಉಳಿದಿದೆ, ಇನ್ನೊಂದು ಮಹಡಿಯ ಮೇಲೆ, ನೀವೇ ತೀರ್ಮಾನಿಸಿಕೊಳ್ಳಿ ಎಂದರು. ಜಗಳ ಬೇಡ, ದೇವರಲ್ಲಿ ಪ್ರಸಾದ ಕೇಳೋಣ ಎಂದವರು ನೀವು. ದೇವರ ಬಲಗಡೆಯ ಹೂವು ಬಿದ್ದರೆ ಕೆಳಗಿನ ಮಳಿಗೆ ನಿಮಗೆ, ಎಡಗಡೆಯದು ಬಿದ್ದರೆ ನನಗೆ.

ಅಷ್ಟರಲ್ಲಿ ನಿಮ್ಮ ಅತ್ತೆ ತೀರಿಕೊಂಡರು.

“ನಂಗೆ ಸೂತಕ ರಾಮಣ್ಣ, ಗುಡಿಗ್ ಬರೋ ಹಂಗಿಲ್ಲ. ನೀವೇ ಕೇಳ್ಕಂಡ್ ಬನ್ನಿ. ನೀವ್ ಕೇಳಿದ್ರೇನು, ನಾನ್ ಕೇಳಿದ್ರೇನು?”

ಮನಸ್ಸಿನಲ್ಲೇ ಕೇಳಿಕೊಳ್ಳಿ ಎಂದರು ಭಟ್ಟರು. ಕೇಳಿಕೊಂಡೆ. ಬಲಗಡೆಯದು ಬಿತ್ತು — ತಡವಿಲ್ಲದೆ, ಅನುಮಾನಕ್ಕೆ ಎಡೆಯಿಲ್ಲದೆ. ಗುಡಿಯಿಂದ ಪೇಟೆಗೆ ಎಷ್ಟು ಮಹಾ ದೂರ? ಅಷ್ಟರಲ್ಲೇ ನನ್ನ ಬುದ್ಧಿ ಕೆಟ್ಟಿತು. ಭಟ್ಟರಿಗೆ ನಾನು ಕೇಳಿದ್ದೇನೆಂದು ಗೊತ್ತಿಲ್ಲ, ನಿಮಗೆ ಬಿದ್ದದ್ದು ಯಾವುದೆಂದು ಗೊತ್ತಿಲ್ಲ — ಇನ್ನು ಯಾರ ಹೆದರಿಕೆ...

ಎಡಗಡೆಯದು ಬಿತ್ತು ಎಂದುಬಿಟ್ಟೆ. “ನಾನೇನ್ ತಪ್ಪು ಮಾಡಿದ್ನೋ ಏನೋ. ದೇವ್ರಿಗೇ ಬೇಡ್ವಾದೆ,” ಎಂದಿರಿ ಅಷ್ಟೆ.

ಹೊಸನಗರ, ತೀರ್ಥಹಳ್ಳಿಯಿಂದಲೂ ಜನ ಮದುವೆ ಜವಳಿಗೆ ನನ್ನಲ್ಲಿಗೆ ಬಂದರು. ಬಳೆ ತೊಡಲು ಅಷ್ಟು ಮೆಟ್ಟಿಲು ಹತ್ತುವವರು ಯಾರು? ಸೀಮಂತದ ಬಸುರಿಯರಂತೂ ಹತ್ತಲಿಲ್ಲ. ನೀವು ಬಾಗಿಲು ಹಾಕಿ ಹೊಸನಗರದ ಮಗಳ ಮನೆ ಸೇರಿದಿರಿ. ಈಗ ಕಾಂಪ್ಲೆಕ್ಸಿನ ಮುಕ್ಕಾಲು ಪಾಲು ಶಟರ್ ಇಳಿದೇ ಇರುತ್ತವೆ. ಜನ ಮೊಬೈಲಿನಲ್ಲೇ ಸೀರೆ ತರಿಸುತ್ತಾರೆ. ಇದನ್ನೂ ಕೆಡವುತ್ತಾರಂತೆ. ಕೆಡವಲಿ ಮಾರಾಯ್ರೇ, ನನಗೂ ಕೂತು ಕೂತು ಸಾಕಾಗಿದೆ.

ಮೊನ್ನೆ ನಿಮ್ಮ ಮಗಳು ಸಿಕ್ಕಿದ್ದಳು. “ಅಮ್ಮ ಅವತ್ತಿಂದ ಯಾವ್ ಗುಡಿಗೂ ಹೋಗಿಲ್ಲ. ದೇವ್ರಿಗೆ ಬೇಡಾದೋಳು ಯಾಕ್ ಹೋಗ್ಲಿ ಅಂತಾರೆ,” ಎಂದಳು. ಅಯ್ಯೋ — ನಾನು ಕಸಿದದ್ದು ಬರೀ ಮಳಿಗೆ ಎಂದುಕೊಂಡೇ ಇಷ್ಟು ವರ್ಷ ಉಂಡು ಮಲಗಿದ್ದೆ.

ನಿಮಗೆ ಹೇಳಲೋ ಬೇಡವೋ ಎಂದು ಪ್ರಸಾದ ಕೇಳಲು ಇಂದು ಬೆಳಿಗ್ಗೆ ಗುಡಿಯವರೆಗೆ ಹೋದೆ. ಯಾವ ಮುಖ ಇಟ್ಟುಕೊಂಡು ಕೇಳಲಿ? ಹೊರಗಿನಿಂದಲೇ ಬಸ್‌ಸ್ಟ್ಯಾಂಡಿಗೆ ಬಂದೆ. ಹೊಸನಗರದ ಬಸ್ಸು ಹೊರಡುವುದರಲ್ಲಿದೆ. ಬನ್ನಿ, ಕಾಫಿ ಕುಡಿಯಿರಿ ಎಂದು ನೀವು ಒಳಗೆ ಕರೆಯುವ ಮೊದಲೇ, ಹೊಸಿಲಾಚೆ ನಿಂತು ಹೇಳಿಬಿಡುತ್ತೇನೆ — ದೇವರು ನಿಮಗೇ ಕೊಟ್ಟಿದ್ದ ಗಿರಿಜಕ್ಕ. ಕೊಡದೆ ಹೋದವನು ನಾನು.