ಮಗನ ಮೇಲೆ ದೂರು ಕೊಟ್ಟ ಡಾರ್ಲಾ

ಅಮೆರಿಕದ ಮಿಸೌರಿ ರಾಜ್ಯದ ಗುಡ್ಡಗಳ ನಡುವಿನ ಪೈನ್‌ಫೋರ್ಡ್ ಊರಿನ ಶಾಲೆಯಲ್ಲಿ ಡಾರ್ಲಾ ಲೆಡ್‌ಬೆಟರ್ ಮಕ್ಕಳಿಗೆ ಊಟ ಬಡಿಸುತ್ತಿದ್ದಳು. ಬಂದೂಕು ಅವಳಿಗೆ ಹೊಸದಲ್ಲ. ಗಂಡ ಹಾರ್ಲನ್ ಬದುಕಿದ್ದಾಗ ಚಳಿಗಾಲವಿಡೀ ಮನೆಯಲ್ಲಿ ಜಿಂಕೆ ಮಾಂಸವೇ. ಅವನ ಬಂದೂಕುಗಳ ಕಪಾಟಿನ ಧೂಳನ್ನು ಅವಳು ಪಾತ್ರೆ ಕಪಾಟಿನ ಧೂಳಿನಂತೆಯೇ ಒರೆಸುತ್ತಿದ್ದಳು.

ಭಯ ಹುಟ್ಟಿದ್ದು ಶಾಲೆಯಲ್ಲಿ. ಬೇರೆ ಊರಿನ ಶಾಲೆಯೊಂದರಲ್ಲಿ ಗುಂಡಿನ ದಾಳಿಯಾದ ಮೇಲೆ ಇಲ್ಲೂ ಅಡಗಿಕೊಳ್ಳುವ ಅಭ್ಯಾಸ ಶುರುವಾಯಿತು. ಗಂಟೆ ಬಾರಿಸಿದರೆ ದೀಪ ಆರಿಸಿ, ಊಟದ ಸಾಲಿನಲ್ಲಿದ್ದ ಮಕ್ಕಳನ್ನು ಅವಳು ಉಗ್ರಾಣದೊಳಗೆ ಸೇರಿಸಿಕೊಳ್ಳಬೇಕು. ಒಮ್ಮೆ ಪುಟ್ಟ ಹುಡುಗಿಯೊಬ್ಬಳು ಕೆಮ್ಮು ಬಂತೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಡಾರ್ಲಾಳನ್ನೇ ನೋಡುತ್ತ ಕೂತಿದ್ದಳು. ಆ ದಿನ ಮನೆಗೆ ಬಂದ ಡಾರ್ಲಾಗೆ ಊಟ ಸೇರಲಿಲ್ಲ.

ಮಗ ವೇಡ್ ಅದೇ ಶಾಲೆಯಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದ. ಮುಖ್ಯೋಪಾಧ್ಯಾಯರೊಂದಿಗೆ ಜಗಳವಾಡಿ ಕೆಲಸ ಕಳೆದುಕೊಂಡ. ಅಲ್ಲಿಂದ ಮಾತು ಕಡಿಮೆಯಾಯಿತು, ಕೋಣೆಯ ಬಾಗಿಲು ಮುಚ್ಚಿತು. ವಸಂತದಲ್ಲಿ ಹೊಸ ರೈಫಲ್ಲೊಂದನ್ನು ತಂದ.

"ಇದು ಜಿಂಕೆ ಹೊಡೆಯೋದಲ್ವಲ್ಲೋ," ಎಂದಳು ಡಾರ್ಲಾ.

"ಎಲ್ಲಾ ಜಿಂಕೇಗೇ ಅಂತ ಯಾರು ಹೇಳಿದ್ದು?" ಎಂದು ಒಳಗೆ ಹೋದ.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವನು ತಲೆ ಎತ್ತದೆಯೇ ಕೇಳಿದ: "ಅಮ್ಮಾ, ಮುಂದಿನ ವಾರ ನೀನು ಶಾಲೆಗೆ ಯಾವತ್ತು ಹೋಗಲ್ಲ?"

"ಯಾಕೋ?"

"ಸುಮ್ನೆ ಕೇಳ್ದೆ."

ಅದೇ ಮಧ್ಯಾಹ್ನ ಶಾಲೆಯ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಆಟದ ಮೈದಾನದ ಎದುರು ವೇಡ್‌ನ ಟ್ರಕ್ಕು ನಿಂತಿತ್ತು. ಒಳಗೆ ಅವನು ಮಕ್ಕಳನ್ನೇ ನೋಡುತ್ತ ಕೂತಿದ್ದ. ಅವಳು ಕೈಬೀಸಿದಳು. ಅವನು ಬೀಸಲಿಲ್ಲ. ಟ್ರಕ್ಕು ನಿಧಾನಕ್ಕೆ ಮುಂದೆ ಹೋಯಿತು.

ಹೊಟ್ಟೆನೋವೆಂದು ಹೇಳಿ ಮನೆಗೋಡಿದವಳು ಕಪಾಟಿನಲ್ಲಿದ್ದ ಬಂದೂಕುಗಳನ್ನೆಲ್ಲ ಕೌದಿಯಲ್ಲಿ ಸುತ್ತಿ ಕಾರಿಗೆ ಹಾಕಿದಳು. ತಮ್ಮ ರಾಯ್ಸ್‌ನ ದನದ ಮೇವಿನ ಅಂಗಡಿಯಲ್ಲಿ ಇಟ್ಟುಬಿಡೋಣವೆಂದು ಅಲ್ಲಿಗೆ ಹೋದಳು.

"ಇದೇನು, ಯುದ್ಧಕ್ಕೆ ಹೊರಟ್ಯಾ?" ಎಂದು ನಕ್ಕ ರಾಯ್ಸ್. ಕಾರಣ ಕೇಳಿದ ಮೇಲೆ ಮುಖ ಗಂಟಿಕ್ಕಿದ. "ಟೀವಿ ನೋಡಿ ನೋಡಿ ನಿನ್ನ ತಲೆ ಕೆಟ್ಟಿದೆ ಡಾರ್ಲಾ. ಬಂದೂಕು ತಾನಾಗೇ ಎದ್ದು ಹೋಗಿ ಹೊಡೆಯುತ್ತಾ? ಕೆಲಸ ಹೋಗಿದೆ, ಹುಡುಗ ಬೇಜಾರಲ್ಲಿದಾನೆ. ಅಷ್ಟಕ್ಕೇ ಅವರಪ್ಪನ ಆಸ್ತಿ ಕಿತ್ಕೊಳ್ತೀಯಾ?"

"ನಾನು ಯಾವತ್ತು ಶಾಲೇಲಿ ಇರಲ್ಲ ಅಂತ ಕೇಳ್ದ ಕಣೋ."

ರಾಯ್ಸ್ ಕೌದಿ ಬಿಚ್ಚಿ ಒಂದೊಂದನ್ನೇ ನೋಡಿದ.

"ಹೊಸದೆಲ್ಲಿ?"

ಹೊಸದು ಕಪಾಟಿನಲ್ಲಿ ಇರಲಿಲ್ಲ. ಡಾರ್ಲಾ ಅಂಗಡಿಯ ಫೋನಿನತ್ತ ಹೋದಳು.

"ನಿಲ್ಲು. ನಾನು ಹೋಗಿ ಮಾತಾಡ್ತೀನಿ," ಎಂದ ರಾಯ್ಸ್. "ಹೆತ್ತ ಮಗನ ಮೇಲೇ ಪೊಲೀಸರನ್ನ ಬಿಡ್ತೀಯಾ? ಅವರು ಗಾಬರಿಬಿದ್ದು ಗುಂಡು ಹಾರಿಸಿದ್ರೆ?"

ಆ ಭಯವೂ ಅವಳಿಗೆ ಇದ್ದೇ ಇತ್ತು. ಆದರೆ ಶಾಲೆ ಬಿಡಲು ಇನ್ನೂ ಹೊತ್ತಿತ್ತು, ಮಕ್ಕಳೆಲ್ಲ ಅಲ್ಲೇ ಇದ್ದರು. ಪೊಲೀಸರ ನಂಬರು ಒತ್ತಿ, "ನನ್ನ ಮಗ," ಎಂದು ಶುರುಮಾಡಿದಳು. "ದಯವಿಟ್ಟು ಅವನಿಗೆ ಹೊಡೀಬೇಡಿ."

ಪೊಲೀಸರು ಹೆದ್ದಾರಿಯಲ್ಲಿ ಟ್ರಕ್ಕು ತಡೆದರು. ವೇಡ್ ಕೈ ಮೇಲೆತ್ತಿ ಇಳಿದ. ಸೀಟಿನ ಹಿಂದೆ ರೈಫಲ್ಲಿತ್ತು, ಗುಂಡು ತುಂಬಿತ್ತು. ಆದರೆ ಪೈನ್‌ಫೋರ್ಡಿನಲ್ಲಿ ಅರ್ಧ ಊರಿನ ಟ್ರಕ್ಕುಗಳಲ್ಲಿ ಬಂದೂಕು ಇರುತ್ತದೆ, ಅಲ್ಲಿನ ಕಾನೂನಿನಲ್ಲಿ ಅದು ತಪ್ಪಲ್ಲ. ಕೊನೆಗೆ ಮಾನಸಿಕ ಆಸ್ಪತ್ರೆಗೆ ಹೋಗಲು ಅವನೇ ಒಪ್ಪಿದ. ಡಾರ್ಲಾ ಅಲ್ಲಿಗೆ ತಲುಪಿದಾಗ ಒಂದೇ ಮಾತು ಕೇಳಿದ: "ನೀನೇನಾಮ್ಮಾ ಪೊಲೀಸರಿಗೆ ಹೇಳಿದ್ದು?"

"ಹೂಂ, ನಾನೇ."

ಅವನು ಗೋಡೆಯ ಕಡೆ ತಿರುಗಿಕೊಂಡ.

ಅವನ ಮನಸ್ಸಿನಲ್ಲಿ ಏನಿತ್ತೆಂದು ವೈದ್ಯರಿಗೂ ಗೊತ್ತಾಗಲಿಲ್ಲ. ತಾನೇ ಸಾಯಬೇಕೆಂದಿದ್ದೆ ಎಂದು ಒಮ್ಮೆ ಹೇಳಿದ. ಏನೂ ಇರಲಿಲ್ಲ ಎಂದು ಇನ್ನೊಮ್ಮೆ. ಊರು ಮಾತ್ರ ಎರಡಾಯಿತು. ಚರ್ಚಿನಲ್ಲಿ ಒಬ್ಬಳು ಡಾರ್ಲಾಳನ್ನು ತಬ್ಬಿಕೊಂಡರೆ ಇನ್ನೊಬ್ಬಳು ಎದ್ದು ಬೇರೆ ಬೆಂಚಿಗೆ ಹೋದಳು. ಶಾಲೆಯ ಸಭೆಯಲ್ಲಿ ಮೇಷ್ಟರುಗಳಿಗೂ ಬಂದೂಕು ಕೊಡಿ ಎಂದರು ಕೆಲವರು, ಇಂಥ ರೈಫಲ್ ಮಾರುವುದನ್ನೇ ನಿಲ್ಲಿಸಿ ಎಂದರು ಕೆಲವರು. ಮನೋರೋಗ, ಮೊಬೈಲು, ದೇವರ ಭಯ ಇಲ್ಲದ್ದು, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಯಾರೋ ಡಾರ್ಲಾಳನ್ನೂ ಕೇಳಿದರು. ಅವಳು ಕೂತಲ್ಲಿಂದಲೇ ಹೇಳಿದಳು: "ಕಾರಣ ನಂಗೊತ್ತಿಲ್ಲ. ನನ್ನ ಮಗ ಮಾತು ಬಿಟ್ಟಿದ್ದ, ಅವನ ಕೈಗೆ ಬಂದೂಕು ಸಿಗ್ತಿತ್ತು. ಎರಡೂ ಒಂದೇ ಮನೇಲಿತ್ತು. ನಂಗೆ ಹೆದರಿಕೆ ಆಯ್ತು."

ವೇಡ್ ಈಗ ದೂರದ ಊರಿನ ಮರ ಕೊಯ್ಯುವ ಮಿಲ್ಲಿನಲ್ಲಿದ್ದಾನೆ. ಮಾತ್ರೆ ತೆಗೆದುಕೊಳ್ಳುತ್ತಾನಂತೆ. ಭಾನುವಾರ ಫೋನು ಮಾಡುತ್ತಾನೆ. ಕೆಲವೊಮ್ಮೆ ನಗುತ್ತಾನೆ ಕೂಡ. ಶಾಲೆಯ ಅಡುಗೆಮನೆಯ ಹಿಂಬಾಗಿಲು ದಡಕ್ಕನೆ ತೆರೆದರೆ ಡಾರ್ಲಾ ಈಗಲೂ ಬೆಚ್ಚಿ ಸೌಟು ಕೆಳಗೆ ಬೀಳಿಸುತ್ತಾಳೆ.

ಈ ಸಲ ಜಿಂಕೆ ಬೇಟೆಯ ಕಾಲ ಬಂದಾಗ ಅವನು ಫೋನಿನಲ್ಲಿ ಕೇಳಿದ: "ಅಪ್ಪನ ಹಳೇ ಬಂದೂಕು ಬೇಕಿತ್ತಮ್ಮಾ. ಮಾಮನ್ನ ಕೇಳಿದ್ರೆ ನಿನ್ನ ಕೇಳು ಅಂದ."

ಡಾರ್ಲಾ ಹೇಳಿದಳು: "ಇಲ್ಲ ಕಣಪ್ಪ. ಕೊಡಲ್ಲ."

ವೇಡ್, "ಸರಿ," ಎಂದ. ಒಪ್ಪಿ ಅಂದನೋ ಮುನಿದು ಅಂದನೋ ಅವಳಿಗೆ ತಿಳಿಯಲಿಲ್ಲ.