ಅಟ್ಟದಲ್ಲಿ ಮೊಳೆತ ಕಾಯಿ

ನಾನು ಚಿಕ್ಕವಳಿದ್ದಾಗ ಹೇಳಿದ ಒಂದು ಸುಳ್ಳನ್ನು ಇವತ್ತು ಈ ಫೋನಿನಲ್ಲೇ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು, ಮಕ್ಕಳೇ. ಅಜ್ಜಿಯೂ ಸುಳ್ಳು ಹೇಳುತ್ತಿದ್ದಳಾ ಅಂತ ಕಿಸಕ್ಕನೆ ನಗಬೇಡಿ. ಪೂರ್ತಿ ಕೇಳಿ.

ಆಗ ನನಗೆ ಒಂಬತ್ತು ವರ್ಷ. ಅಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ಕೆಲಸದಲ್ಲಿ ಪಳಗಿದವರು. ಮಲೇಷಿಯಾದ ಕಡಲ ದಂಡೆಯ ಒಂದು ತೆಂಗಿನ ತೋಟದ ಯಜಮಾನರು, ನಿಮ್ಮ ಕಡೆಯ ಉಂಡೆ ಕೊಬ್ಬರಿಯನ್ನು ಇಲ್ಲೂ ಮಾಡಿಕೊಡಿ ಅಂತ ಅವರನ್ನು ಕರೆಸಿಕೊಂಡರು. ಓದು ಕೆಡುತ್ತದೆ ಅಂತ ಅಕ್ಕನನ್ನು ನಮ್ಮೂರು ಗಂಡಸಿಯಲ್ಲಿ ನನ್ನ ಅಜ್ಜಿಯ ಹತ್ತಿರ ಬಿಟ್ಟು, ಅಪ್ಪ, ಅಮ್ಮ, ನಾನು ಮೂವರೇ ಮದ್ರಾಸಿನಲ್ಲಿ ಹಡಗು ಹತ್ತಿದೆವು.

ಅಬ್ಬಬ್ಬಾ, ಆ ಊರಿನ ಸೆಕೆ! ನಮ್ಮೂರಿನ ಬಿಸಿಲು ನೆತ್ತಿ ಸುಟ್ಟರೂ ನೆರಳಿಗೆ ಬಂದರೆ ಬಿಟ್ಟುಬಿಡುತ್ತದೆ. ಅಲ್ಲಿ ನೆರಳೂ ಬೇಯುತ್ತಿತ್ತು. ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು. ಅಪ್ಪನ ಹಣೆಯ ವಿಭೂತಿ ಕರಗಿ ಹುಬ್ಬಿಗಿಳಿಯುತ್ತಿತ್ತು. ನನ್ನ ಕತ್ತಿನ ತುಂಬ ಬೆವರುಸಾಲೆ. ಊರಿನಿಂದ ತಂದ ರಾಗಿಹಿಟ್ಟು ಒಂದೇ ತಿಂಗಳಿಗೆ ಬೂಷ್ಟು ಹಿಡಿದು ಗಂಟುಗಂಟಾಯಿತು. ಅದನ್ನು ಚೆಲ್ಲುವಾಗ ಅಮ್ಮ ಅತ್ತೇಬಿಟ್ಟರು.

"ಈ ಊರಾಗೆ ಉಪ್ಪೂ ಬೆವರ್ತೈತೆ ಕಣ್ರೀ. ಇಲ್ಲಿ ಕೊಬ್ಬರಿ ಹೆಂಗೆ ಒಣಗ್ತೈತೆ?" ಅಂತ ಅಮ್ಮ ಕೇಳಿದರು.

"ನಮ್ ಕೈಗೆ ಒಣಗದೇ ಇರೋ ಕಾಯಿ ಯಾವುದೈತೆ? ಸುಮ್ನಿರು. ಆಗ್ಲಿಲ್ಲ ಅಂದ್ರೆ ಗಂಟುಮೂಟೆ ಕಟ್ಟೋದೇ," ಅಂದರು ಅಪ್ಪ.

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು ನೋಡಿ.

ನಮ್ಮ ಕಡೆ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅಪ್ಪ ಅಲ್ಲಿಯೂ ಗೋದಾಮಿನ ತಗಡಿನ ಮಾಡಿನ ಕೆಳಗೆ ಹಾಗೆಯೇ ಅಟ್ಟ ಕಟ್ಟಿಸಿ ಕಾಯಿ ತುಂಬಿಸಿದರು. ಅಟ್ಟ ತೀರಾ ತಗ್ಗು. ಅಪ್ಪ ನುಗ್ಗಿದರೆ ನಡುವೆ ಸಿಕ್ಕಿಕೊಳ್ಳುತ್ತಿದ್ದರು. ಹಾಗಾಗಿ ವಾರಕ್ಕೊಮ್ಮೆ ಏಣಿ ಹತ್ತಿ ನೋಡಿಬರುವ ಕೆಲಸ ನನ್ನದಾಯಿತು.

ನನಗೆ ಅಲ್ಲಿ ಶಾಲೆಯಿಲ್ಲ, ಗೆಳತಿಯರಿಲ್ಲ. ಅಪ್ಪ ದಿನವೆಲ್ಲಾ ತೋಟದಲ್ಲಿ, ಅಮ್ಮ ಒಣಗದ ಬಟ್ಟೆಗಳ ನಡುವೆ. ಕನ್ನಡದಲ್ಲಿ ಜಗಳವಾಡುವುದಕ್ಕೂ ಒಂದು ನರಪಿಳ್ಳೆ ಇರಲಿಲ್ಲ. ನಾನು ಅಟ್ಟದಲ್ಲಿ ಕೂತು ಕಾಯಿಗಳಿಗೇ ಅಕ್ಕನ ಹೆಸರಿಟ್ಟು ಬೈಯುತ್ತಿದ್ದೆ. ಆಮೇಲೆ ಅಳು ಬರುತ್ತಿತ್ತು.

ಐದನೆಯ ತಿಂಗಳು ಒಂದು ಕಾಯಿಯ ತುದಿಯಲ್ಲಿ ಹಸಿರು ಮೊಳಕೆ ಕಂಡೆ. ಪಕ್ಕದ ಕಾಯಿಗಳು ಕೈಗೆ ಒದ್ದೆಯಾಗಿ ಹತ್ತಿದವು. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಏಣಿ ಇಳಿದಾಗ ಅಪ್ಪ ಕೆಳಗೇ ನಿಂತಿದ್ದರು.

"ಏನವ್ವಾ, ಕಾಯಿ ಹೆಂಗವೆ?"

"ಚೆನ್ನಾಗವೆ ಅಪ್ಪಾ. ಒಣಗ್ತಾ ಅವೆ."

ಕಾಯಿ ಕೆಟ್ಟರೆ ಊರಿಗೆ ಹೋಗಬಹುದು, ಅಷ್ಟೇ ನನ್ನ ಲೆಕ್ಕ. ಪ್ರತಿ ವಾರವೂ ಅದೇ ಮಾತು ಹೇಳಿದೆ. ಅಪ್ಪ ಪ್ರತಿ ವಾರವೂ ನಂಬಿದರು.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಕಾಯಿ ಎಷ್ಟು ಒಣಗಿದೆ ನೋಡಲು ಯಜಮಾನರು ಬಂದರು. ಅಪ್ಪ ಪೆಟ್ಟಿಗೆಯಲ್ಲಿದ್ದ ಹೊಸ ಅಂಗಿ ಹಾಕಿಕೊಂಡಿದ್ದರು. ಆಳುಗಳು ಅಟ್ಟದ ಹಲಗೆ ಕಿತ್ತು ಕಾಯಿ ಇಳಿಸಿದರು. ಮೊದಲನೆಯದಕ್ಕೇ ಗೇಣುದ್ದ ಮೊಳಕೆ. ಅಪ್ಪ ಇನ್ನೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆದು ನೋಡಿದರು. ಒಳಗೆಲ್ಲಾ ಕಪ್ಪು ಬೂಷ್ಟು. ಹತ್ತು ಒಡೆದರು, ಇಪ್ಪತ್ತು ಒಡೆದರು. ಹೊಸ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ಮೊದಲೇ ತಿಳಿದಿದ್ದರೆ ಇಲ್ಲಿಯವರ ಹಾಗೆ ಕಾಯಿ ಒಡೆದು ಹೊಗೆಗೂಡಿನಲ್ಲಿ ಒಣಗಿಸಿ ಅರ್ಧವಾದರೂ ಉಳಿಸಬಹುದಿತ್ತು ಅಂದರು ಯಜಮಾನರು.

ಅಪ್ಪ ನನ್ನ ಕಡೆ ತಿರುಗಿದರು. "ನಿಂಗೆ ಕಾಣಲಿಲ್ವೇನವ್ವಾ?"

"ಕತ್ತಲಿತ್ತು ಅಪ್ಪಾ."

ಅಪ್ಪ ಒಡೆದ ಕಾಯಿಯನ್ನು ಕೆಳಗಿಟ್ಟರು. ಯಜಮಾನರಿಗೆ, "ತಪ್ಪು ನನ್ನದೇ," ಅಂದುಬಿಟ್ಟರು. ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಆದರೂ ಮಧ್ಯಾಹ್ನ ನಾನು ಗುಟ್ಟಾಗಿ ನನ್ನ ಲಂಗಗಳನ್ನು ಮಡಚಿಟ್ಟುಕೊಂಡೆ. ಅಮ್ಮನ ಮುಖದಲ್ಲೂ ಕಳೆ ಬಂದಿತ್ತು. "ಸದ್ಯ, ಊರಿಗೋಗಾನ ನಡೀರಿ," ಅಂದರು.

ಅಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನೀವಿಬ್ರೂ ಹೋಗಿ. ನಾನು ಬರಲ್ಲ. ಅರಸೀಕೆರೆಯೋನಿಗೆ ಕೊಬ್ಬರಿ ಮಾಡಕ್ಕೆ ಬರಲ್ಲ ಅನ್ನಿಸ್ಕೊಂಡು ಯಾವ ಮೊಕ ಇಟ್ಕೊಂಡು ಬರ್ಲಿ? ಇಲ್ಲಿನ ಹೊಗೆಗೂಡಿನ ಕೆಲ್ಸ ಕಲಿತು, ಯಜಮಾನ್ರಿಗೆ ಒಳ್ಳೇ ಕೊಬ್ಬರಿ ಮಾಡಿಕೊಟ್ಟೇ ಬತ್ತೀನಿ."

ಆಗಲಾದರೂ ಬಾಯಿಬಿಡಬಹುದಿತ್ತು. ನಾನು ತಟ್ಟೆ ತೊಳೆಯಲು ಎದ್ದೆ.

ಅಮ್ಮನೂ ನಾನೂ ಊರಿಗೆ ವಾಪಸು ಬಂದೆವು. ಗಂಡಸಿಯಲ್ಲಿ ಬಟ್ಟೆ ಒಂದು ತಾಸಿಗೆ ಒಣಗಿತು. ಅಕ್ಕ ಓಡಿಬಂದು ತಬ್ಬಿಕೊಂಡು, "ಅಪ್ಪ ಎಲ್ಲೇ?" ಅಂದಳು. ಅಪ್ಪ ಬಂದದ್ದು ನಾಲ್ಕು ವರ್ಷದ ಮೇಲೆ. ನಾನು ಅವರ ಭುಜದೆತ್ತರಕ್ಕೆ ಬೆಳೆದಿದ್ದೆ. ಬಾಗಿಲಲ್ಲಿ ನಿಂತು, ಪರಿಚಯವಿಲ್ಲದವರ ಹಾಗೆ, "ಚೆನ್ನಾಗಿದ್ದೀಯೇನಮ್ಮಾ?" ಅಂದರು. ಅವರು ಇರುವವರೆಗೂ ನಾನು ನಿಜ ಹೇಳಲಿಲ್ಲ.

ಈಗ ನಿಮ್ಮ ಕಾಲ. ನಿಮ್ಮಮ್ಮನಿಗೆ ಸಿಂಗಾಪುರದ ಆಸ್ಪತ್ರೆಯಲ್ಲಿ ಕೆಲಸ, ಊರೂ ಹೆಚ್ಚುಕಡಿಮೆ ಅದೇ ಸೆಕೆಯದು. ಆದರೆ ನಿಮ್ಮ ಕೋಣೆಯಲ್ಲಿ ಏಸಿ ಇದೆ, ಬಟ್ಟೆ ಒಣಗಿಸುವ ಮಿಷಿನ್ ಇದೆ, ಬೇಕೆಂದಾಗ ಫೋನಿನಲ್ಲಿ ಈ ಅಜ್ಜಿಯ ಮುಖವೂ ಸಿಗುತ್ತದೆ. ಇದ್ಯಾವುದೂ ನನಗಿರಲಿಲ್ಲ. ಆದರೆ ಮೊನ್ನೆ, ಅಲ್ಲಿ ಗೆಳೆಯರಾದರಾ ಅಂತ ನಾನು ಕೇಳಿದಾಗ, ಇಬ್ಬರೂ ತಲೆ ತಗ್ಗಿಸಿ "ಹೂಂ" ಅಂದಿರಲ್ಲ, ಅದು ಸುಳ್ಳು ಅಂತ ನನಗೆ ತಿಳಿಯುವುದಿಲ್ಲ ಅಂದುಕೊಂಡಿರಾ, ಕಳ್ಳರಾ?

ಇವತ್ತು ಅಮ್ಮ ಕೆಲಸದಿಂದ ಬಂದಕೂಡಲೇ ಪಕ್ಕದಲ್ಲಿ ಕೂತು ಹೇಳಿಬಿಡಿ: "ಅಮ್ಮಾ, ನಮಗಿಲ್ಲಿ ಬೇಜಾರಾಗ್ತಿದೆ." ಅವಳು ಬೈದರೆ ಬೈಯಲಿ. ಆಮೇಲೆ ನನಗೆ ಫೋನ್ ಮಾಡಿ. ಅವಳ ಹತ್ತಿರ ನಾನು ಮಾತಾಡುತ್ತೇನೆ.